ಸಾರ್ಥವಾಹರ ಛತ್ರ

ಹೇರು ಹೊತ್ತ ಒಂಟೆಯು ಒಂದು ಹಗಲಿನಲ್ಲಿ ಸುಮಾರು 30ರಿಂದ 40 ಕಿಲೋಮೀಟರು ನಡೆಯಬಲ್ಲುದು. ಇಂದಿನ ತುರ್ಕಿಯ ಭಾಗವಾದ ಅನಟೋಲಿಯವನ್ನು ಮಧ್ಯಯುಗದಲ್ಲಿ ಆಳಿದ ಸೆಲ್ಜುಕ್ ಅರಸರ ಕಾಲದಲ್ಲಿ ‘ಹಾನ್’ ಎಂಬ ಛತ್ರಗಳು ವರ್ತಕಮಾರ್ಗಗಳ ಮೇಲೆ ಎದ್ದುದು ಬಹುಮಟ್ಟಿಗೆ ಈ ಅಳತೆಯನ್ನನುಸರಿಸಿಯೇ. ಕತ್ತಲಾಗುವುದರೊಳಗೆ ಛತ್ರವು ಸಿಕ್ಕದಿದ್ದರೆ ವರ್ತಕನಿಗೆ ಕಳ್ಳರ ಭಯ. ಮಾಗಿಯಲ್ಲಾದರೆ ಹಿಮದ ಭಯವೂ ಉಂಟು.

ಇವುಗಳಲ್ಲೆಲ್ಲ ಹಿರಿದಾದುದು ಕೊನ್ಯಾ ನಗರದಿಂದ ಅಕ್ಸರಾಯ್‌ಗೆ ಹೋಗುವ ದಾರಿಯಲ್ಲಿರುವ ಸುಲ್ತಾನ್ ಹಾನ್. ಮೊದಲನೆಯ ಅಲಾವುದ್ದೀನ್ ಕೈಕುಬಾದನು ಇದನ್ನು 1229ರಲ್ಲಿ ಕಟ್ಟಿಸಿದನು. ಹೊರಗಿನಿಂದ ನೋಡಿದರೆ ಕೋಟೆಯೇ ಸರಿ: ಕೊತ್ತಲಗಳುಳ್ಳ ಎತ್ತರವಾದ ಕಲ್ಲುಗೋಡೆ, ಒಂದೇ ಹೆಬ್ಬಾಗಿಲು. ಶಿಲ್ಪಿಗಳು ತಮ್ಮ ಕೈಚಳಕವನ್ನೆಲ್ಲ ಆ ಅಮೃತಶಿಲೆಯ ಬಾಗಿಲಿಗೇ ಮೀಸಲಿಟ್ಟರೋ ಎಂಬಂತಿದೆ. ಒಳಗೆ ಬಯಲಂಗಳ, ಅದರ ನಡುವೆ, ಪಶುಗಳ ಗದ್ದಲದಿಂದ ಮೇಲೆ, ನಾಲ್ಕು ಕಮಾನುಗಳ ಮೇಲೆ ನಿಂತ ಪುಟ್ಟ ಮಸೀದಿ.

ಅಂಗಳದಾಚೆಯ ಚಳಿಗಾಲದ ಚಾವಡಿಯೇ ನಿಜವಾದ ಜಾಣ್ಮೆ. ದಪ್ಪ ಗೋಡೆ, ಕಲ್ಲಿನ ಕಮಾನುಛಾವಣಿ, ಸೀಳಿನಂತಹ ಕಿರುಗಂಡಿಗಳು, ನಡುವಣ ಗುಮ್ಮಟದಿಂದಿಳಿಯುವ ಮಂದವಾದ ಬೆಳಕು. ಬೆಳಕನ್ನು ತೆತ್ತು ಬಿಸುಪನ್ನು ಕೊಂಡರೆನ್ನಬಹುದು. ಜನರ ಮತ್ತು ಪಶುಗಳ ಮೈಕಾವು ಬೇಗನೆ ಹೊರಹೋಗದು.

ಬಾಡಿಗೆ? ಅನೇಕ ಹಾನ್‌ಗಳು ದತ್ತಿಯ ಆದಾಯದಿಂದ ನಡೆಯುತ್ತಿದ್ದವು. ಕೈಸೇರಿಯ ಬಳಿಯ ಕರಾತಾಯ್ ಹಾನಿನ 13ನೆಯ ಶತಮಾನದ ದತ್ತಿಪತ್ರದಂತೆ ಮುಸಲ್ಮಾನನಾಗಲಿ ಅನ್ಯಮತೀಯನಾಗಲಿ, ಸ್ವತಂತ್ರನಾಗಲಿ ದಾಸನಾಗಲಿ, ಬಂದವರಿಗೆಲ್ಲ ಊಟವನ್ನಿಕ್ಕಬೇಕಾಗಿತ್ತು.