ಗೀಸರ್ ಎಷ್ಟು ಲೀಟರಿನದು ಬೇಕು? ಮೊದಲು ಬಕೆಟ್ ಎಣಿಸಿ!

ಶ್ರೀರಂಗಪಟ್ಟಣದ ನಮ್ಮ ಮನೆಯ ಬಚ್ಚಲಲ್ಲಿ ಮೊನ್ನೆ ಮೊನ್ನೆವರೆಗೂ ತಾಮ್ರದ ಹಂಡೆ ಇತ್ತು. ತೆಂಗಿನ ಗರಿ, ಮಟ್ಟೆ ಹಾಕಿ ಉರಿ ಹಚ್ಚಿದರೆ ಮನೆಮಂದಿಗೆಲ್ಲ ನೀರು ಕಾಯ್ತಿತ್ತು. ಹೊಗೆಯಿಂದ ಅವ್ವನಿಗೆ ಕೆಮ್ಮು ಜಾಸ್ತಿಯಾಯ್ತು ಅಂತ ಬಚ್ಚಲು ರಿಪೇರಿ ಮಾಡಿಸುವಾಗ ಒಲೆ ತೆಗೆಸಿದೆವು. ನಾನು ಬೆಂಗಳೂರಿನ ಆಫೀಸಲ್ಲಿ ಕೂತೇ 3 ಲೀಟರಿನ ಇನ್‌ಸ್ಟಂಟ್ ಗೀಸರ್ ಆರ್ಡರ್ ಮಾಡಿದೆ. ಇರೋದು ಇಬ್ಬರೇ, ಬಚ್ಚಲೂ ಚಿಕ್ಕದು, ಸಾಕಲ್ವಾ ಅನ್ನೋದು ನನ್ನ ಲೆಕ್ಕ.

ಜನವರಿಯ ಚಳೀಲಿ ಆ ಲೆಕ್ಕ ಬುಡಮೇಲಾಯ್ತು. ಅವ್ವ ತಲೆಗೆ ಸೀಗೆಪುಡಿ ಹಾಕ್ಕೊಂಡ ಹೊತ್ತಿಗೆ ನಲ್ಲೀಲಿ ಉಗುರು ಬೆಚ್ಚಗಿನ ನೀರು. ಮಾರನೇ ವಾರದಿಂದ ಅಡುಗೆಮನೇಲಿ ನೀರು ಕಾಯಿಸಿ ಬಚ್ಚಲಿಗೆ ಹೊತ್ತೊಯ್ಯೋಕೆ ಶುರು ಮಾಡಿದರು. ಒಂದು ದಿನ ಹೊಸ್ತಿಲ ಹತ್ತಿರ ಕೈ ಜಾರಿ, ಕುದಿಯೋ ನೀರು ಕಾಲಿನ ಪಕ್ಕಕ್ಕೇ ಚೆಲ್ಲಿತು. ಪುಣ್ಯಕ್ಕೆ ಏನೂ ಆಗಲಿಲ್ಲ. ನನಗೆ ಫೋನ್ ಮಾಡಿ ಹೇಳಿದ್ದು ಅಪ್ಪ. ಅವ್ವ ಇಷ್ಟೇ ಅಂದರು: “ನಿನ್ನ ಗೀಸರು ಕಾಫಿಗಾಯ್ತದೆ ಕಣಪ್ಪ, ತಲೆಗಾಗಲ್ಲ.”

ಎಂಜಿನಿಯರಿಂಗ್ ಓದಿದವನು ಮಾಡಬೇಕಿದ್ದ ಲೆಕ್ಕವನ್ನ ಆಮೇಲೆ ಮಾಡಿದೆ. ತುಂಬಾ ಸುಲಭ, ನೀವೂ ಮಾಡಬಹುದು.

ಎಷ್ಟು ಲೀಟರ್ ನೀರು, ಎಷ್ಟು ಡಿಗ್ರಿ ಬಿಸಿಯಾಗಬೇಕು, ಇವೆರಡನ್ನ ಗುಣಿಸಿ 860ರಿಂದ ಭಾಗಿಸಿ. ಬಂದದ್ದು ಕರೆಂಟಿನ ಯೂನಿಟ್. ಚಳಿಗಾಲದಲ್ಲಿ ಟ್ಯಾಂಕಿನ ನೀರು 20 ಡಿಗ್ರಿ ಇದೆ ಅಂತಿಟ್ಟುಕೊಳ್ಳಿ. 25 ಲೀಟರನ್ನ 60 ಡಿಗ್ರಿಗೆ ಕಾಯಿಸಲು ಸುಮಾರು 1.16 ಯೂನಿಟ್ ಬೇಕು. 2 ಕಿಲೋವ್ಯಾಟ್ ಗೀಸರಿಗೆ 35 ನಿಮಿಷ. ಅದೇ 15 ಲೀಟರಿಗೆ 0.7 ಯೂನಿಟ್, 21 ನಿಮಿಷ.

ಸ್ನಾನಕ್ಕೆ ಹದವಾದ ನೀರು ಅಂದ್ರೆ ಸುಮಾರು 40 ಡಿಗ್ರಿ. 60ರ ಬಿಸಿನೀರಿಗೆ 20ರ ತಣ್ಣೀರು ಸಮಸಮ ಬೆರೆಸಿದರೆ ಆ ಹದ ಬರುತ್ತೆ. ಅಂದರೆ 25 ಲೀಟರಿನ ಗೀಸರ್ ಸುಮಾರು 50 ಲೀಟರ್ ಸ್ನಾನದ ನೀರು ಕೊಡುತ್ತೆ, 15 ಲೀಟರಿನದು 30. ಬಿಸಿನೀರು ಹೊರಗೆ ಬಂದಂತೆ ಒಳಗೆ ತಣ್ಣೀರು ಸೇರೋದರಿಂದ ನಿಜವಾಗಿ ಇನ್ನೂ ಸ್ವಲ್ಪ ಕಮ್ಮೀನೇ. ಒಬ್ಬರಿಗೆ 20 ಲೀಟರಿನ ಬಕೆಟ್ಟಲ್ಲಿ ಒಂದೂಕಾಲು ಬಕೆಟ್ ಅಂದರೂ, ಬೆನ್ನಿಗೆ ಬೆನ್ನು ಸ್ನಾನ ಮಾಡುವ ಇಬ್ಬರಿಗೆ 25 ಲೀಟರಿನದು ಬೇಕೇ ಬೇಕು. ಷವರ್ ಇದ್ದರೆ ಅದರ ಕೆಳಗೆ ಬಕೆಟ್ ಇಟ್ಟು ಅಳೆಯಿರಿ. ನಿಮಿಷಕ್ಕೆ 8 ಲೀಟರ್ ಬಿದ್ದರೆ 5 ನಿಮಿಷಕ್ಕೆ 40 ಲೀಟರ್ ಆಯ್ತಲ್ಲ!

ನೋಡಬೇಕಾದ್ದು ಬಚ್ಚಲು ಎಷ್ಟು ದೊಡ್ಡದು ಅಂತಲ್ಲ, ಮನೇಲಿ ಎಷ್ಟು ಜನ ಅಂತಲೂ ಅಲ್ಲ. ಒಬ್ಬರ ಹಿಂದೆ ಒಬ್ಬರು ಎಷ್ಟು ಜನ ಹೋಗ್ತಾರೆ, ಎಷ್ಟೆಷ್ಟು ಬಕೆಟ್ ಸುರಿದುಕೊಳ್ತಾರೆ ಅನ್ನೋದು.

ನನ್ನ 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್ ನಿಮಿಷಕ್ಕೆ ಎರಡು ಲೀಟರ್ ಚಿಲ್ಲರೆ ಹದವಾದ ನೀರಷ್ಟೇ ಕೊಡಬಲ್ಲದು. ಒಂದು ಬಕೆಟ್ ತುಂಬಲು 9 ನಿಮಿಷದ ಮೇಲೆ! ಇದರ ಜೊತೆಗೆ ವೋಲ್ಟೇಜ್ ಕಾಟ. 230 ಇರಬೇಕಾದ್ದು 190ಕ್ಕೆ ಇಳಿದರೆ 3 ಕಿಲೋವ್ಯಾಟಿನ ಕಾಯಿಲ್ 2 ಕಿಲೋವ್ಯಾಟಿನ ಕೆಲಸವನ್ನಷ್ಟೇ ಮಾಡುತ್ತೆ. ಬೆಂಗಳೂರಲ್ಲಿ ಕೂತವನಿಗೆ ಇದು ಹೊಳೆದಿರಲಿಲ್ಲ.

ಚಿಕ್ಕ ಗೀಸರಾದರೆ ಕರೆಂಟ್ ಉಳಿಯುತ್ತೆ ಅನ್ನೋದೂ ಪೂರ್ತಿ ನಿಜವಲ್ಲ. ಅಷ್ಟೇ ನೀರನ್ನ ಅಷ್ಟೇ ಬಿಸಿ ಮಾಡಲು ಅಷ್ಟೇ ಕರೆಂಟ್ ಬೇಕು. ವ್ಯತ್ಯಾಸ ಬರೋದು ಕಾದ ನೀರನ್ನ ಸುಮ್ಮನೆ ಇಟ್ಟಾಗ. ಗೀಸರಿನ ಸ್ಟಾರ್ ಲೇಬಲ್ ಹೇಳೋದು ಈ ನಷ್ಟದ ವಿಷಯವನ್ನೇ. ಸ್ಟಾರ್ ಹೆಚ್ಚಿದ್ದಷ್ಟೂ ಒಳಗಿನ ಬಿಸಿ ಹೆಚ್ಚು ಹೊತ್ತು ನಿಲ್ಲುತ್ತೆ. ದಿನಕ್ಕೊಮ್ಮೆ 25 ಲೀಟರ್ ಕಾಯಿಸಿದರೆ ತಿಂಗಳಿಗೆ ಸುಮಾರು 35 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ದಾಟದಂತೆ ನೋಡಿಕೊಳ್ಳೋ ಮನೆಗಳಿಗೆ ಈ ಲೆಕ್ಕ ಗೊತ್ತಿರಬೇಕು.

ಕೊಳ್ಳುವ ಮುಂಚೆ ವೈರಿಂಗ್ ತೋರಿಸಿ. 2 ಕಿಲೋವ್ಯಾಟ್ ಗೀಸರ್ ಹೆಚ್ಚೂಕಮ್ಮಿ 9 ಆಂಪಿಯರ್ ಎಳೆಯುತ್ತೆ. 6 ಆಂಪಿಯರ್ ಸಾಕೆಟ್ಟು ಕರಗಿಹೋದೀತು, 16ರದ್ದೇ ಬೇಕು. ಅರ್ಥಿಂಗ್ ಸರಿಯಿರಲಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, ಸ್ನಾನಕ್ಕೆ ಇಳಿಯೋ ಮುಂಚೆ ಸ್ವಿಚ್ ಆರಿಸಿ. ಗ್ಯಾಸ್ ಗೀಸರ್ ತಗೊಂಡರೆ ಬಚ್ಚಲ ಒಳಗಂತೂ ಬೇಡವೇ ಬೇಡ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಕೋಣೇಲಿ ಪ್ರಾಣಕ್ಕೇ ಕುತ್ತು.

ಈಗ ನಮ್ಮನೇಲಿ 25 ಲೀಟರಿನದು ಇದೆ. ಹಳೇದನ್ನ ಅಡುಗೆಮನೆ ಸಿಂಕಿಗೆ ಹಾಕಿಸಿದೆವು, ಪಾತ್ರೆ ತೊಳೆಯೋಕೆ ಅಚ್ಚುಕಟ್ಟಾಗಿದೆ. ಹಂಡೆ ಹಿತ್ತಿಲಲ್ಲಿದೆ. ದೀಪಾವಳಿಗೆ ನೀರು ತುಂಬುವ ದಿನ ಅವ್ವ ಅದನ್ನ ಬೆಳಗಿ, ಸುಣ್ಣ-ಜಾಜಿನ ಪಟ್ಟೆ ಬಳಿದು ಹಾಗಲಬಳ್ಳಿ ಸುತ್ತಿದರು. ಉಳಿದ ಒಂದು ತುಂಡು ಬಳ್ಳಿಯನ್ನ ಗೀಸರಿನ ಪೈಪಿಗೂ ಕಟ್ಟಿ, “ಇದೂ ಹಂಡೇನೇ ತಾನೆ” ಅಂದರು.

ಊರಲ್ಲಿರೋ ಅಪ್ಪ-ಅಮ್ಮನಿಗೆ ಗೀಸರ್ ಕೊಡಿಸುವ ನನ್ನಂಥವರಿಗೆ ಒಂದೇ ಮಾತು: ಆರ್ಡರ್ ಒತ್ತುವ ಮುಂಚೆ ಮನೆಗೊಂದು ಫೋನ್ ಮಾಡಿ, “ಎಷ್ಟು ಬಕೆಟ್ ಬೇಕವ್ವ?” ಅಂತ ಕೇಳಿ.