ಟೈಮಿಂಗ್ ಬೆಲ್ಟ್: ಎಂಜಿನ್ನಿನ ತಾಳ ಕಾಯುವ ಪಟ್ಟಿ

ಮನೆಯಲ್ಲಿ ಕಾರು ಇರುವವರು ಟೈರಿಗೆ ಗಾಳಿ ಇದೆಯೇ, ಎಂಜಿನ್ ಆಯಿಲ್ ಸಾಕಷ್ಟಿದೆಯೇ, ಬ್ರೇಕ್ ಸರಿ ಹಿಡಿಯುತ್ತದೆಯೇ ಎಂದು ಆಗಾಗ ನೋಡಿಕೊಳ್ಳುತ್ತಾರೆ. ಆದರೆ ಎಂಜಿನ್ನಿನ ಪಕ್ಕದಲ್ಲಿ ಒಂದು ಮುಚ್ಚಳದೊಳಗೆ ಅಡಗಿಕೊಂಡಿರುವ ರಬ್ಬರ್ ಪಟ್ಟಿಯನ್ನು ಹೆಚ್ಚಿನವರು ನೋಡಿಯೇ ಇರುವುದಿಲ್ಲ. ಅದರ ಹೆಸರು ಟೈಮಿಂಗ್ ಬೆಲ್ಟ್. ಇದು ಹಾಳಾಗುವ ಮೊದಲು ಸದ್ದು ಮಾಡಿ ಎಚ್ಚರಿಸುವುದು ಅಪರೂಪ. ಒಂದು ದಿನ ತುಂಡಾಗುತ್ತದೆ, ಎಂಜಿನ್ ತಕ್ಷಣ ನಿಂತುಬಿಡುತ್ತದೆ. ಆ ಹೊತ್ತಿಗೆ ಕಾರು ಘಾಟಿಯ ತಿರುವಿನಲ್ಲಿದ್ದರೆ ಏನಾಗಬಹುದೆಂದು ಹೇಳಬೇಕಾಗಿಲ್ಲ.

ನಮ್ಮ ಮನೆಯಲ್ಲಿರುವುದು ಹಳೆಯ ಮಾರುತಿ 800. ಸೆಕೆಂಡ್ ಹ್ಯಾಂಡ್ ಕೊಂಡದ್ದು. ಅಬ್ಬಾ ಅದರಲ್ಲೇ ಸಂತೆಗೆ ಸಾಮಾನು ಒಯ್ಯುತ್ತಾರೆ. ಹಿಂದಿನ ಮಾಲೀಕರು ಬೆಲ್ಟ್ ಯಾವಾಗ ಬದಲಿಸಿದ್ದರು ಎಂಬುದಕ್ಕೆ ಯಾವ ದಾಖಲೆಯೂ ಇರಲಿಲ್ಲ. ಮದುವೆಗೆ ಮುಂಚೆ ಕೆಲವು ವರ್ಷ ಗ್ಯಾರೇಜಿನಲ್ಲಿ ದುಡಿದಿದ್ದ ಅಬ್ಬಾ, "ದಾಖಲೆ ಇಲ್ಲ ಅಂದ್ರೆ ಬದಲಿಸಿಲ್ಲ ಅಂತಾನೇ ಲೆಕ್ಕ" ಎಂದರು. ದಸರಾ ರಜೆಯ ಒಂದು ದಿನ ಅವರೂ ನಾನೂ ಸೇರಿ ಮನೆಯಂಗಳದಲ್ಲೇ ಆ ಕೆಲಸ ಮುಗಿಸಿದೆವು. ಅಂದು ನನಗೆ ತಿಳಿದದ್ದನ್ನು, ತರಗತಿಯಲ್ಲಿ ಕಲಿತದ್ದರ ಜೊತೆ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಬೆಲ್ಟ್ ಮಾಡುವ ಕೆಲಸವೇನು?

ಪೆಟ್ರೋಲ್ ಎಂಜಿನ್ ನಾಲ್ಕು ಹಂತಗಳಲ್ಲಿ ಕೆಲಸ ಮಾಡುತ್ತದೆ. ಮೊದಲು ಪೆಟ್ರೋಲ್ ಬೆರೆತ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ, ಎರಡನೆಯದಾಗಿ ಅದನ್ನು ಒತ್ತುತ್ತದೆ, ಮೂರನೆಯದಾಗಿ ಕಿಡಿ ತಗುಲಿ ಅದು ಉರಿದು ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ, ಕೊನೆಗೆ ಹೊಗೆ ಹೊರಹೋಗುತ್ತದೆ. ಈ ನಾಲ್ಕು ಹಂತ ಮುಗಿಯುವಷ್ಟರಲ್ಲಿ ಪಿಸ್ಟನ್ ಎರಡು ಸಲ ಮೇಲೆ ಹೋಗಿ ಎರಡು ಸಲ ಕೆಳಗಿಳಿಯುತ್ತದೆ. ಅಂದರೆ ಕೆಳಗಿನ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗುತ್ತದೆ. ಆದರೆ ಗಾಳಿ ಒಳಬರುವ ವಾಲ್ವ್ ತೆರೆಯಬೇಕಾದದ್ದು ಒಂದೇ ಸಲ, ಹೊಗೆ ಹೋಗುವ ವಾಲ್ವ್ ತೆರೆಯಬೇಕಾದದ್ದೂ ಒಂದೇ ಸಲ. ಆದ್ದರಿಂದ ವಾಲ್ವುಗಳನ್ನು ಒತ್ತಿ ತೆರೆಯುವ ಕ್ಯಾಮ್ ಶಾಫ್ಟ್ ಒಂದು ಸುತ್ತು ತಿರುಗಿದರೆ ಸಾಕು.

ಕೆಳಗೆ ಎರಡು ಸುತ್ತು, ಮೇಲೆ ಒಂದು ಸುತ್ತು. ಈ ಲೆಕ್ಕ ಒಂದಿಷ್ಟೂ ತಪ್ಪದಂತೆ ಎರಡನ್ನೂ ಜೋಡಿಸಿಡುವುದೇ ಟೈಮಿಂಗ್ ಬೆಲ್ಟ್. ಅದಕ್ಕೇ ಮೇಲಿನ ಚಕ್ರದಲ್ಲಿ ಕೆಳಗಿನ ಚಕ್ರದ ಎರಡರಷ್ಟು ಹಲ್ಲುಗಳಿರುತ್ತವೆ. ಸಾಮಾನ್ಯ ಫ್ಯಾನ್ ಬೆಲ್ಟ್ ಸ್ವಲ್ಪ ಜಾರಿದರೂ ನಡೆಯುತ್ತದೆ. ಟೈಮಿಂಗ್ ಬೆಲ್ಟ್ ಜಾರುವಂತಿಲ್ಲ, ಅದರ ಒಳಮೈಯಲ್ಲಿ ಹಲ್ಲುಗಳಿರುವುದು ಅದಕ್ಕಾಗಿಯೇ.

ಯಂತ್ರದಲ್ಲಿ ತಿರುಗುವ ಚಲನೆಯನ್ನು ಹಿಂದೆಮುಂದೆ ಸಾಗುವ ಚಲನೆಯಾಗಿ ಬದಲಿಸುವ ವಿದ್ಯೆ ಬಹಳ ಹಳೆಯದು. ಇಂದಿನ ತುರ್ಕಿಯ ದಿಯಾರ್‌ಬಕಿರ್‌ನಲ್ಲಿ ಅರ್ತುಕಿದ್ ಅರಸರ ಆಸ್ಥಾನದಲ್ಲಿದ್ದ ಅಲ್ ಜಝರಿ 1206ರಲ್ಲಿ ಮುಗಿಸಿದ ಯಂತ್ರಗಳ ಗ್ರಂಥದಲ್ಲಿ ಇಂಥ ಚಲನೆಯಿಂದ ನೀರೆತ್ತುವ ಪಂಪಿನ ವಿವರ, ಚಿತ್ರ ಎರಡೂ ಇವೆ. ಆತ ಕೈಯಿಂದ ಮಾಡಿ ನೋಡಿ ಬರೆದ ಕುಶಲಕರ್ಮಿ. ಕಾರಿನಲ್ಲಿ ರಬ್ಬರಿನ ಹಲ್ಲು ಬೆಲ್ಟ್ ಬಂದದ್ದು ಮಾತ್ರ ತೀರಾ ಈಚೆಗೆ. 1960ರ ದಶಕದ ಆರಂಭದಲ್ಲಿ ಜರ್ಮನಿಯ ಗ್ಲಾಸ್ ಕಂಪನಿ ತನ್ನ 1004 ಕಾರಿನಲ್ಲಿ ಅದನ್ನು ಬಳಸಿತು. ಚೈನಿಗಿಂತ ಸದ್ದು ಕಡಿಮೆ, ತೂಕ ಕಡಿಮೆ, ಎಣ್ಣೆಯೂ ಬೇಡ ಎಂಬ ಕಾರಣಕ್ಕೆ ಮುಂದೆ ಅನೇಕ ಕಂಪನಿಗಳು ಅದನ್ನು ಒಪ್ಪಿಕೊಂಡವು. 1983ರ ಡಿಸೆಂಬರಿನಲ್ಲಿ ನಮ್ಮ ರಸ್ತೆಗಿಳಿದ ಮಾರುತಿ 800ರ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ನಿನಲ್ಲೂ ಬೆಲ್ಟೇ ಇತ್ತು. ಮಾರುತಿಯ ನಂತರದ ಕೆ ಸರಣಿಯ ಪೆಟ್ರೋಲ್ ಎಂಜಿನ್‌ಗಳಲ್ಲಿ ಬೆಲ್ಟ್ ಬದಲು ಚೈನ್ ಇದೆ. ಆದ್ದರಿಂದ ನಿಮ್ಮ ಕಾರಿನಲ್ಲಿ ಯಾವುದಿದೆ ಎಂದು ಮೊದಲು ಕೈಪಿಡಿ ನೋಡಿ ತಿಳಿದುಕೊಳ್ಳಿ.

ಯಾಕೆ ಬದಲಿಸಬೇಕು?

ಒಂದು ಸಣ್ಣ ಲೆಕ್ಕ ಮಾಡೋಣ. ಕಾರು 60,000 ಕಿಲೋಮೀಟರ್ ಓಡಿದೆ, ಸರಾಸರಿ ವೇಗ ಗಂಟೆಗೆ 40 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಆಗ ಎಂಜಿನ್ ಓಡಿದ್ದು 1,500 ಗಂಟೆ. ನಿಮಿಷಕ್ಕೆ ಸರಾಸರಿ 2,000 ಸುತ್ತು ಎಂದರೆ ಒಟ್ಟು 18 ಕೋಟಿ ಸುತ್ತು. ಅಷ್ಟೂ ಹೊತ್ತು ಆ ರಬ್ಬರ್ ಎಂಜಿನ್ನಿನ ಬಿಸಿಯಲ್ಲಿ ಬಾಗುತ್ತ, ನೇರವಾಗುತ್ತ ಇರುತ್ತದೆ. ಒಳಗಿನ ನಾರುಗಳು ಸವೆಯುತ್ತವೆ, ಹಲ್ಲಿನ ಬುಡದಲ್ಲಿ ಬಿರುಕು ಬೀಳುತ್ತದೆ. ಕಾರು ಓಡದೆ ನಿಂತಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಹಾಗಾಗಿ ಕಂಪನಿಗಳು ಇಷ್ಟು ಕಿಲೋಮೀಟರ್ ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಆಗ ಬದಲಿಸಿ ಎನ್ನುತ್ತವೆ. ಅಂಕಿ ಕಾರಿನಿಂದ ಕಾರಿಗೆ ಬೇರೆ. ನಿಮ್ಮ ಕಾರಿನ ಕೈಪಿಡಿಯ ಅಂಕಿಯೇ ನಿಮಗೆ ಅಂತಿಮ.

ಬೆಲ್ಟ್ ತುಂಡಾದರೆ ಎರಡು ಬಗೆಯ ನಷ್ಟ. ಕೆಲವು ಎಂಜಿನ್‌ಗಳಲ್ಲಿ ವಾಲ್ವ್ ಕೆಳಗಿಳಿಯುವ ಜಾಗ ಮತ್ತು ಪಿಸ್ಟನ್ ಮೇಲೇರುವ ಜಾಗ ಒಂದೇ. ಸಮಯ ಹೊಂದಿಕೊಂಡಿರುವವರೆಗೆ ಒಂದು ಹೋದ ಮೇಲೆ ಇನ್ನೊಂದು ಬರುತ್ತದೆ. ಬೆಲ್ಟ್ ಹೋದರೆ ತೆರೆದಿದ್ದ ವಾಲ್ವಿಗೆ ಪಿಸ್ಟನ್ ಬಡಿದು ವಾಲ್ವ್ ಬಾಗುತ್ತದೆ, ಎಂಜಿನ್ನಿನ ತಲೆಯನ್ನೇ ಬಿಚ್ಚಬೇಕಾಗುತ್ತದೆ. ಡೀಸೆಲ್ ಎಂಜಿನ್‌ಗಳಲ್ಲಿ ಬಹುತೇಕ ಇದೇ ಕಥೆ. ಎರಡನೆಯದು ಪ್ರಾಣಕ್ಕೆ ಸಂಬಂಧಿಸಿದ್ದು. ಎಂಜಿನ್ ನಿಂತರೆ ಬ್ರೇಕಿಗೆ ಸಹಾಯ ಮಾಡುವ ನಿರ್ವಾತವೂ ಹೊಸದಾಗಿ ಹುಟ್ಟುವುದಿಲ್ಲ. ಬೂಸ್ಟರ್ ಇರುವ ಕಾರಿನಲ್ಲಿ ಕೆಲವು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಿನಂತಾಗುತ್ತದೆ. ಪವರ್ ಸ್ಟೀರಿಂಗ್ ಇದ್ದರೆ ಅದೂ ಭಾರವಾಗುತ್ತದೆ.

ಸಿದ್ಧತೆ

ಬೇಕಾದ ಸಾಮಾನುಗಳು ಇಷ್ಟು: ಹೊಸ ಬೆಲ್ಟ್, ಹೊಸ ಟೆನ್ಷನರ್ ಬೇರಿಂಗ್, ರಿಂಗ್ ಪಾನಾ ಮತ್ತು ಸಾಕೆಟ್ ಸೆಟ್, ಟಾರ್ಕ್ ರೆಂಚ್, ಸ್ಪಾರ್ಕ್ ಪ್ಲಗ್ ಪಾನಾ, ಜಾಕ್, ಎರಡು ಜಾಕ್ ಸ್ಟ್ಯಾಂಡ್, ಚಕ್ರಕ್ಕೆ ಅಡ್ಡ ಇಡಲು ಕಲ್ಲು ಅಥವಾ ಮರದ ತುಂಡು, ಮತ್ತು ಒಂದು ವೈಟ್‌ನರ್. ಟಾರ್ಕ್ ರೆಂಚ್ ನಮ್ಮಲ್ಲಿರಲಿಲ್ಲ, ಪರಿಚಯದ ಗ್ಯಾರೇಜಿನಿಂದ ಒಂದು ದಿನಕ್ಕೆ ತಂದೆವು. ಬೆಲ್ಟ್ ಕೊಳ್ಳುವಾಗ ಕಾರಿನ ಮಾದರಿ, ವರ್ಷ ಎರಡನ್ನೂ ಹೇಳಿ, ಪೊಟ್ಟಣದ ಮೇಲಿನ ಪಾರ್ಟ್ ನಂಬರ್ ನೋಡಿ ಕೊಳ್ಳಬೇಕು. ಹಳೆಯದು ಬಿಚ್ಚಿದ ಮೇಲೆ ಎರಡರ ಹಲ್ಲುಗಳನ್ನು ಎಣಿಸಿ ತಾಳೆ ನೋಡಬೇಕು.

ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡ್ಡ ಇಟ್ಟು, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಕಾರಿನ ಕೀಲಿ ಕೆಲಸ ಮಾಡುವವರ ಜೇಬಿನಲ್ಲೇ ಇರಲಿ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಕೈಯನ್ನೂ ಹಾಕಬಾರದು. ಜಾಕ್ ಎತ್ತುವುದಕ್ಕೆ ಮಾತ್ರ, ಹೊರುವುದು ಸ್ಟ್ಯಾಂಡಿನ ಕೆಲಸ.

ಕೆಲಸದ ಕ್ರಮ

ಮೊದಲು ಸ್ಪಾರ್ಕ್ ಪ್ಲಗ್ ವೈರುಗಳಿಗೆ 1, 2, 3 ಎಂದು ಗುರುತು ಹಾಕಿ ಪ್ಲಗ್‌ಗಳನ್ನು ಬಿಚ್ಚಬೇಕು. ಸಿಲಿಂಡರಿನೊಳಗೆ ಗಾಳಿಯ ಒತ್ತಡ ಇಲ್ಲದಿದ್ದರೆ ಎಂಜಿನ್ನನ್ನು ಕೈಯಿಂದಲೇ ನಿಧಾನವಾಗಿ ತಿರುಗಿಸಬಹುದು. ಆಮೇಲೆ ಆಲ್ಟರ್ನೇಟರ್ ಬೋಲ್ಟ್ ಸಡಿಲಿಸಿ ಫ್ಯಾನ್ ಬೆಲ್ಟ್ ತೆಗೆಯಿರಿ. ನಂತರ ವಾಟರ್ ಪಂಪ್ ಪುಲ್ಲಿ, ಕ್ರ್ಯಾಂಕ್ ಪುಲ್ಲಿ, ಕೊನೆಗೆ ಹೊರಮುಚ್ಚಳ. ಕ್ರ್ಯಾಂಕ್ ಪುಲ್ಲಿಯ ಬೋಲ್ಟುಗಳು ಬಹಳ ಬಿಗಿ. ಕಾರನ್ನು ಮೇಲಿನ ಗೇರಿಗೆ ಹಾಕಿ ಒಬ್ಬರು ಬ್ರೇಕ್ ಒತ್ತಿ ಹಿಡಿದರೆ ಎಂಜಿನ್ ತಿರುಗದೆ ನಿಲ್ಲುತ್ತದೆ, ಬೋಲ್ಟ್ ಬಿಡುತ್ತದೆ. ಪಾನಾ ಸಿಕ್ಕಿಸಿ ಸೆಲ್ಫ್ ಹೊಡೆದು ಬೋಲ್ಟ್ ಬಿಡಿಸುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಪಾನಾ ಹಾರಿ ಬಂದರೆ ಕೈಯೋ ಮುಖವೋ ಹೋಗುತ್ತದೆ. ಅದನ್ನು ಮಾಡಬೇಡಿ.

ಈಗ ಗೇರ್ ನ್ಯೂಟ್ರಲ್‌ಗೆ ತನ್ನಿ. ಕ್ರ್ಯಾಂಕಿನ ನಡುವಿನ ಬೋಲ್ಟಿಗೆ ಪಾನಾ ಹಾಕಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ನಿಧಾನವಾಗಿ ತಿರುಗಿಸಿ. ಕೆಳಗಿನ ಚಕ್ರದಲ್ಲೂ ಮೇಲಿನ ಚಕ್ರದಲ್ಲೂ ಒಂದೊಂದು ಗುರುತಿದೆ. ಅವುಗಳೆದುರು ಎಂಜಿನ್ನಿನ ಮೈಮೇಲೆ ಕದಲದ ಗುರುತುಗಳಿವೆ. ಎರಡೂ ಕಡೆ ಗುರುತುಗಳು ಎದುರುಬದುರು ಬರುವವರೆಗೆ ತಿರುಗಿಸಬೇಕು. ಇಡೀ ಕೆಲಸದ ಜೀವಾಳ ಇದೇ. ಕೈಪಿಡಿಯ ಚಿತ್ರದೊಡನೆ ಹೋಲಿಸಿ ನೋಡಿ, ವೈಟ್‌ನರ್‌ನಿಂದ ಗುರುತು ಎದ್ದು ಕಾಣುವಂತೆ ಮಾಡಿ, ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಇಲ್ಲಿ ಅಬ್ಬಾ ಹೇಳಿದ ಮಾತು ನನಗೆ ನೆನಪಿದೆ: "ಕಣ್ಣಿಗೆ ಕಾಣೋ ಗುರುತು ನಂಬು ಮಗಾ, ತಲೆಯಲ್ಲಿರೋದನ್ನ ನಂಬಬೇಡ."

ಟೆನ್ಷನರಿನ ಬೋಲ್ಟ್ ಸಡಿಲಿಸಿ ಅದನ್ನು ಹಿಂದಕ್ಕೆ ತಳ್ಳಿದರೆ ಹಳೆಯ ಬೆಲ್ಟ್ ಕೈಗೆ ಬರುತ್ತದೆ. ಇದಾದ ಮೇಲೆ ಮೇಲಿನ ಚಕ್ರವನ್ನಾಗಲಿ ಕೆಳಗಿನದನ್ನಾಗಲಿ ಬೇಕಾಬಿಟ್ಟಿ ತಿರುಗಿಸಬಾರದು. ವಾಲ್ವ್ ಸ್ಪ್ರಿಂಗಿನ ಒತ್ತಡಕ್ಕೆ ಮೇಲಿನ ಚಕ್ರ ತಾನಾಗಿ ಸ್ವಲ್ಪ ಸರಿದರೆ ಗಾಬರಿ ಬೇಡ, ಗುರುತಿಗೆ ಮೆಲ್ಲನೆ ತಂದು ನಿಲ್ಲಿಸಿ. ಈ ಹೊತ್ತಿನಲ್ಲೇ ಕ್ಯಾಮ್, ಕ್ರ್ಯಾಂಕ್ ಆಯಿಲ್ ಸೀಲ್‌ಗಳಿಂದ ಎಣ್ಣೆ ಜಿನುಗುತ್ತಿದೆಯೇ, ವಾಟರ್ ಪಂಪಿನಿಂದ ನೀರು ಸೋರುತ್ತಿದೆಯೇ ಎಂದು ನೋಡಬೇಕು. ಎಣ್ಣೆ ತಾಗಿದರೆ ರಬ್ಬರ್ ಬೇಗ ಕೆಡುತ್ತದೆ. ಸೋರುವ ಸೀಲನ್ನು ಹಾಗೇ ಬಿಟ್ಟು ಹೊಸ ಬೆಲ್ಟ್ ಹಾಕುವುದು ತೂತು ಬಿದ್ದ ಕೊಡಕ್ಕೆ ನೀರು ತುಂಬಿದಂತೆ. ನಮ್ಮ ಹಳೆಯ ಬೆಲ್ಟನ್ನು ಹಿಂದುಮುಂದಾಗಿ ಬಗ್ಗಿಸಿ ನೋಡಿದಾಗ ಹಲ್ಲುಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕುಗಳು ಸಾಲಾಗಿ ಕಂಡವು. ಅಬ್ಬಾ ಅದನ್ನು ಅಮ್ಮಿಯ ಕೈಗೆ ಕೊಟ್ಟು ತೋರಿಸಿದರು, ಏನೂ ಮಾತನಾಡಲಿಲ್ಲ.

ಹೊಸ ಬೆಲ್ಟಿನ ಮೇಲೆ ಬಾಣದ ಗುರುತಿದ್ದರೆ ಅದು ಎಂಜಿನ್ ತಿರುಗುವ ದಿಕ್ಕಿಗಿರಬೇಕು. ಬೆಲ್ಟನ್ನು ಮಡಚಬಾರದು, ತಿರುಚಬಾರದು, ಸ್ಕ್ರೂಡ್ರೈವರಿನಿಂದ ಮೀಟಿ ಹಾಕಬಾರದು. ಟೆನ್ಷನರ್ ಇಲ್ಲದ ಬದಿ ಬಿಗಿಯಾಗಿ ಇರುವಂತೆ ಬೆಲ್ಟ್ ಕೂರಿಸಿ, ಸಡಿಲವೆಲ್ಲ ಟೆನ್ಷನರ್ ಇರುವ ಬದಿಗೆ ಬರುವಂತೆ ಮಾಡಿ. ಆಮೇಲೆ ಟೆನ್ಷನರ್ ಬಿಟ್ಟರೆ ಅದರ ಸ್ಪ್ರಿಂಗ್ ಬೆಲ್ಟನ್ನು ಎಳೆದು ಹಿಡಿಯುತ್ತದೆ.

ಈಗ ಪಾನಾದಿಂದ ಕ್ರ್ಯಾಂಕನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಎರಡೇ ಸುತ್ತು ಯಾಕೆ? ಆಗ ಮಾತ್ರ ಕ್ಯಾಮ್ ಒಂದು ಪೂರ್ತಿ ಸುತ್ತು ಮುಗಿಸಿ ಎರಡೂ ಗುರುತು ಮತ್ತೆ ತಮ್ಮ ಜಾಗಕ್ಕೆ ಬರುತ್ತವೆ. ಬಂದರೆ ಟೆನ್ಷನರ್ ಬಿಗಿ ಮಾಡಿ. ಒಂದು ಹಲ್ಲು ವ್ಯತ್ಯಾಸ ಕಂಡರೂ ಬಿಚ್ಚಿ ಮತ್ತೆ ಹಾಕಬೇಕು. "ಒಂದೇ ಹಲ್ಲಲ್ಲವೇ" ಎನ್ನುವವರಿಗೆ ಲೆಕ್ಕ ಇಲ್ಲಿದೆ: ಮೇಲಿನ ಚಕ್ರದಲ್ಲಿ 36 ಹಲ್ಲು ಇದ್ದರೆ ಒಂದು ಹಲ್ಲು ಎಂದರೆ 10 ಡಿಗ್ರಿ. ಅದು ಕ್ರ್ಯಾಂಕಿನ ಲೆಕ್ಕದಲ್ಲಿ 20 ಡಿಗ್ರಿ. ವಾಲ್ವ್ ಅಷ್ಟು ಹಿಂದೆಮುಂದೆ ತೆರೆದರೆ ಎಂಜಿನ್ ಎಳೆಯುವುದಿಲ್ಲ, ಪೆಟ್ರೋಲ್ ಕುಡಿಯುತ್ತದೆ. ಕೈಯಿಂದ ತಿರುಗಿಸುವಾಗ ಎಲ್ಲಿಯಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ಅಲ್ಲೇ ನಿಲ್ಲಿಸಿ. ಪಿಸ್ಟನ್ ವಾಲ್ವಿಗೆ ತಾಗುತ್ತಿರಬಹುದು.

ಜೋಡಣೆ ಬಿಚ್ಚಿದ್ದರ ತಿರುಗಾಮುರುಗಾ ಕ್ರಮದಲ್ಲಿ. ಬೋಲ್ಟುಗಳನ್ನು ಕೈಪಿಡಿ ಹೇಳಿದ ಟಾರ್ಕಿಗೇ ಬಿಗಿ ಮಾಡಬೇಕು. ಟಾರ್ಕ್ ಎಂದರೆ ಬಲ ಮತ್ತು ದೂರದ ಗುಣಲಬ್ಧ ಎಂದು ಪ್ರಥಮ ಪಿಯುಸಿಯಲ್ಲಿ ಓದಿದ್ದೇವೆ. ಉದ್ದ ಪಾನಾ ಹಿಡಿದರೆ ಕಡಿಮೆ ಬಲಕ್ಕೇ ಸಣ್ಣ ಬೋಲ್ಟ್ ಕತ್ತರಿಸಿ ಹೋಗುವುದು ಇದೇ ಸೂತ್ರದಿಂದ.

ನಡುವೆ ಜುಹರ್ ನಮಾಜಿಗೆ ಎದ್ದಾಗ, ಕೊನೆಗೆ ಯಾವ ಬೋಲ್ಟ್ ಮುಟ್ಟಿದ್ದೆವು ಎಂದು ಚೀಟಿಯಲ್ಲಿ ಬರೆದು ಸ್ಟೀರಿಂಗಿಗೆ ಅಂಟಿಸಿ ಹೋದೆವು. ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿದ ಕೆಲಸ ಮುಗಿದದ್ದು ಅಸರ್ ಹೊತ್ತಿಗೆ. ನುರಿತ ಮೆಕ್ಯಾನಿಕ್ ಇದನ್ನು ಇನ್ನೂ ಬೇಗ ಮುಗಿಸಬಲ್ಲರು.

ಎಲ್ಲರೂ ಮನೆಯಲ್ಲೇ ಮಾಡಬಹುದೇ?

ಇಲ್ಲ. ಇಂಥ ಕೆಲಸ ಮಾಡಿದ ಹಿರಿಯರೊಬ್ಬರು ಪಕ್ಕದಲ್ಲಿರಬೇಕು, ನಿಮ್ಮ ಕಾರಿನ ಕೈಪಿಡಿ ಕೈಯಲ್ಲಿರಬೇಕು, ಎಂಜಿನ್ ಸರಳವಾಗಿರಬೇಕು. ಡೀಸೆಲ್ ಕಾರು, ಎರಡು ಕ್ಯಾಮ್ ಶಾಫ್ಟಿನ ಎಂಜಿನ್, ಗುರುತಿನ ಬದಲು ವಿಶೇಷ ಲಾಕ್ ಉಪಕರಣ ಬೇಡುವ ಎಂಜಿನ್ ಆದರೆ ಗ್ಯಾರೇಜಿಗೇ ಕೊಡಿ. ಆಗಲೂ ಮೇಲೆ ಬರೆದದ್ದು ಉಪಯೋಗಕ್ಕೆ ಬರುತ್ತದೆ. ಟೆನ್ಷನರ್ ಬದಲಿಸಿದಿರಾ, ಸೀಲ್ ನೋಡಿದಿರಾ, ಹಳೆಯ ಬೆಲ್ಟ್ ತೋರಿಸುತ್ತೀರಾ ಎಂದು ಕೇಳಲು ನಿಮಗೆ ಗೊತ್ತಿರುತ್ತದೆ. ಕಾರಿನಲ್ಲಿ ಕೂರುವವರ ಜೀವ ಅದನ್ನು ರಿಪೇರಿ ಮಾಡಿದವರ ಕೈಯಲ್ಲಿ ಅಮಾನತ್. ಕೆಲಸ ಮನೆಯವರೇ ಮಾಡಲಿ, ಗ್ಯಾರೇಜಿನವರೇ ಮಾಡಲಿ, ಈ ಮಾತು ಬದಲಾಗುವುದಿಲ್ಲ.

ಇನ್ನೊಂದು ಮಾತು. ನಮ್ಮ ಕಾಲೇಜಿನಲ್ಲಿ ಅಣ್ಣನೋ ಮಾಮೂನೋ ಗ್ಯಾರೇಜಿನಲ್ಲಿ ದುಡಿಯುವ ಮನೆಗಳಿಂದ ಬಂದವರು ಕಡಿಮೆಯಿಲ್ಲ. ಅದನ್ನು ಹೇಳಿಕೊಳ್ಳಲು ಕೆಲವರು ಹಿಂಜರಿಯುತ್ತಾರೆ. ಗ್ರೀಸ್ ಹತ್ತಿದ ಕೈ ಓದದವರ ಕೈ ಎಂಬ ಭಾವನೆ ನಮ್ಮಲ್ಲಿದೆ. ಆ ಕೈಗಳು ದಿನಾ ಮಾಡುವುದು ಕೋನ, ಅನುಪಾತ, ಟಾರ್ಕಿನ ಲೆಕ್ಕವನ್ನೇ. ನಾವು ಅದನ್ನು ಉತ್ತರ ಪತ್ರಿಕೆಯಲ್ಲಿ ಬರೆಯುತ್ತೇವೆ, ಅವರು ತಪ್ಪಿದರೆ ಎಂಜಿನ್ ಒಡೆಯುವ ಜಾಗದಲ್ಲಿ ಬರೆಯುತ್ತಾರೆ. ರಜೆಯಲ್ಲಿ ಒಂದು ದಿನ ಅವರ ಪಕ್ಕದಲ್ಲಿ ನಿಂತು ಪಾನಾ ಎತ್ತಿ ಕೊಡಿ, ಪಾಠದ ಅರ್ಧ ಅಲ್ಲೇ ಅರ್ಥವಾಗುತ್ತದೆ.

ಈ ವಾರ ಮನೆಗೆ ಹೋದಾಗ ಒಂದು ಪ್ರಶ್ನೆ ಕೇಳಿ: "ನಮ್ಮ ಕಾರಿನ ಟೈಮಿಂಗ್ ಬೆಲ್ಟ್ ಬದಲಿಸಿದ್ದು ಯಾವಾಗ?" ಉತ್ತರ ಸಿಕ್ಕರೆ ದಿನಾಂಕ ಮತ್ತು ಕಿಲೋಮೀಟರನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಬದಿಗೆ ಅಂಟಿಸಿ. ಉತ್ತರ ಸಿಗದಿದ್ದರೆ ಮುಂದಿನ ದೂರದ ಪ್ರಯಾಣಕ್ಕೆ ಮೊದಲು ಆ ಮುಚ್ಚಳ ಬಿಚ್ಚಿಸಿ ನೋಡಿ.