ವ್ಯವಸ್ಥೆ ಗೆದ್ದಿತು, ನಿಪುಣ ಸೋತ: ಗ್ರೀನ್ ಬೇ ತಂಡದ ಲೆಕ್ಕಪುಸ್ತಕದಿಂದ ಒಂದು ಪಾಠ

ಉತ್ಪಾದನಾ ಕ್ರಮವನ್ನು ಬದಲಾಯಿಸಬೇಕಾದ ಸಂದರ್ಭ ಪ್ರತಿಯೊಬ್ಬ ಉದ್ಯಮಿಗೂ ಒಂದಲ್ಲ ಒಂದು ದಿನ ಎದುರಾಗುತ್ತದೆ. ಆಗ ಹೊಸ ಯಂತ್ರಕ್ಕೆ ದರಪಟ್ಟಿ ತರಿಸಲಾಗುತ್ತದೆ, ಬ್ಯಾಂಕಿನ ಬಡ್ಡಿಯನ್ನು ಲೆಕ್ಕ ಹಾಕಲಾಗುತ್ತದೆ, ಹೂಡಿದ ಹಣ ಎಷ್ಟು ವರ್ಷಗಳಲ್ಲಿ ಹಿಂದಿರುಗುವುದೆಂದು ಅಂದಾಜಿಸಲಾಗುತ್ತದೆ. ಆದರೆ ಹಳೆಯ ಕ್ರಮದಲ್ಲಿ ಎಲ್ಲರಿಗಿಂತ ಹೆಚ್ಚು ದುಡಿದುಕೊಟ್ಟ ನುರಿತ ಕೆಲಸಗಾರನು ಹೊಸ ಕ್ರಮದಲ್ಲಿ ಎಲ್ಲಿ ನಿಲ್ಲಬೇಕೆಂಬ ಪ್ರಶ್ನೆ ಆ ಅಂದಾಜಿನಲ್ಲಿ ಸೇರುವುದು ಅಪರೂಪ. ಅಮೆರಿಕದ ವೃತ್ತಿಪರ ಫುಟ್‌ಬಾಲ್ ರಂಗದಲ್ಲಿ 2009ರಲ್ಲಿ ನಡೆದ ಒಂದು ಪ್ರಸಂಗ ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಮುಂದಿಡುತ್ತದೆ. ಅಲ್ಲಿ ಪ್ರತಿ ಆಟಗಾರನ ದುಡಿಮೆಯೂ ಪಂದ್ಯ ಪಂದ್ಯಕ್ಕೆ ಅಂಕಿಗಳಲ್ಲಿ ದಾಖಲಾಗುವುದರಿಂದ ಆ ಪ್ರಸಂಗವನ್ನು ಜಮಾ-ಖರ್ಚಿನಂತೆಯೇ ಓದಬಹುದಾಗಿದೆ.

ಎರಡು ವ್ಯೂಹಗಳು

ಅಮೆರಿಕನ್ ಫುಟ್‌ಬಾಲ್ ನಮ್ಮಲ್ಲಿ ಪರಿಚಿತವಾದ ಕಾಲ್ಚೆಂಡಾಟವಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಹಾಗೂ ಎಸೆಯುವ ಈ ಆಟದಲ್ಲಿ ಪ್ರತಿ ಪಕ್ಷದಿಂದ 11 ಮಂದಿ ಕಣದಲ್ಲಿರುತ್ತಾರೆ. ಚೆಂಡು ಹೊಂದಿದ ಪಕ್ಷವು ನಾಲ್ಕು ಪ್ರಯತ್ನಗಳೊಳಗೆ 10 ಗಜ ಮುನ್ನಡೆಯಬೇಕು. ಚೆಂಡನ್ನು ಎಸೆಯುವ ಸೂತ್ರಧಾರನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. ಅವನು ಎಸೆಯುವ ಮುನ್ನವೇ ಆರಂಭಿಕ ಗೆರೆಯ ಹಿಂದೆ ಅವನನ್ನು ಕೆಡವಿದರೆ ಅದು ‘ಸ್ಯಾಕ್’. ಇಬ್ಬರು ಸೇರಿ ಕೆಡವಿದರೆ ತಲಾ ಅರ್ಧ ಸ್ಯಾಕ್ ಜಮೆಯಾಗುತ್ತದೆ.

ರಕ್ಷಣಾ ಪಕ್ಷದ ‘4-3’ ವ್ಯೂಹದಲ್ಲಿ ಮುಂದಿನ ಸಾಲಿನಲ್ಲಿ ನಾಲ್ವರು, ಅವರ ಹಿಂದೆ ಮೂವರು ಲೈನ್‌ಬ್ಯಾಕರ್‌ಗಳು. ಮುಂದಿನ ಸಾಲಿನ ಎರಡು ತುದಿಗಳಲ್ಲಿರುವವರೇ ಡಿಫೆನ್ಸಿವ್ ಎಂಡ್‌ಗಳು. ಅವರು ಕೈಯನ್ನು ನೆಲಕ್ಕೂರಿ, ಚೆಂಡು ಕದಲಿದೊಡನೆ ಎದುರಾಳಿಯ ಮೇಲೆ ನುಗ್ಗುತ್ತಾರೆ. ‘3-4’ ವ್ಯೂಹದಲ್ಲಿ ಮುಂದೆ ಮೂವರು, ಹಿಂದೆ ನಾಲ್ವರು. ತುದಿಗಳಲ್ಲಿ ನಿಲ್ಲುವವನು ಇಲ್ಲಿ ಔಟ್‌ಸೈಡ್ ಲೈನ್‌ಬ್ಯಾಕರ್. ಅವನು ನೆಟ್ಟಗೆ ನಿಂತು ಎದುರಾಳಿಗಳ ಚಲನೆಯನ್ನು ಗಮನಿಸಬೇಕು. ಒಮ್ಮೆ ನುಗ್ಗಬೇಕು, ಮತ್ತೊಮ್ಮೆ ಹಿಂದಕ್ಕೆ ಸರಿದು ಚೆಂಡು ಹಿಡಿಯಲು ಓಡುವವರನ್ನು ಕಾಯಬೇಕು. ಯಾರು ನುಗ್ಗುತ್ತಾರೆ, ಯಾರು ಹಿಂದೆ ಸರಿಯುತ್ತಾರೆ ಎಂಬುದು ಎದುರಾಳಿಗೆ ತಿಳಿಯದಿರುವುದೇ ಈ ವ್ಯೂಹದ ಬಲ. ಹೊರನೋಟಕ್ಕೆ ನಿಲ್ಲುವ ಜಾಗದಲ್ಲಿ ಕೆಲವೇ ಅಡಿಗಳ ಅಂತರವಿದ್ದರೂ ಮಾಡುವ ಕೆಲಸ ಬೇರೆಯೇ ಆಗಿರುತ್ತದೆ.

ಬದಲಾವಣೆಯ ವರ್ಷ

ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಸುಮಾರು ಒಂದು ಲಕ್ಷ ಜನಸಂಖ್ಯೆಯ ಊರು. ಅಲ್ಲಿನ ‘ಪ್ಯಾಕರ್ಸ್’ ತಂಡಕ್ಕೆ ಒಬ್ಬ ಧನಿಕ ಮಾಲೀಕನಿಲ್ಲ. 1923ರಿಂದ ಹಲವು ಬಾರಿ ಸಾರ್ವಜನಿಕರಿಗೆ ಷೇರು ಮಾರಿ ನಡೆದುಬಂದ ಸಂಸ್ಥೆಯಿದು. ಷೇರಿಗೆ ಲಾಭಾಂಶವಿಲ್ಲ, ಮಾರಿ ಲಾಭ ಗಳಿಸುವಂತಿಲ್ಲ. ವಾರ್ಷಿಕ ಲೆಕ್ಕಪತ್ರ ಮಾತ್ರ ಬಹಿರಂಗವಾಗುತ್ತದೆ.

2007ರಲ್ಲಿ 16 ಪಂದ್ಯಗಳ ಪೈಕಿ 13ರಲ್ಲಿ ಗೆದ್ದಿದ್ದ ಈ ತಂಡ 2008ರಲ್ಲಿ ಕೇವಲ 6ರಲ್ಲಿ ಗೆದ್ದಿತು, ಎದುರಾಳಿಗಳಿಗೆ 380 ಅಂಕಗಳನ್ನು ಬಿಟ್ಟುಕೊಟ್ಟಿತು. 2009ರ ಜನವರಿಯಲ್ಲಿ ರಕ್ಷಣಾ ವಿಭಾಗದ ಮುಖ್ಯಸ್ಥರನ್ನು ಬದಲಾಯಿಸಿ ಡಾಮ್ ಕೇಪರ್ಸ್ ಅವರನ್ನು ನೇಮಿಸಲಾಯಿತು. 1990ರ ದಶಕದಲ್ಲಿ ಪಿಟ್ಸ್‌ಬರ್ಗ್ ತಂಡದ ರಕ್ಷಣಾ ವಿಭಾಗವನ್ನು ನಡೆಸಿದ್ದ ಅವರು 3-4 ವ್ಯೂಹದ ಅನುಭವಿ. ಹೊಸ ವ್ಯೂಹಕ್ಕೆ ತಕ್ಕ ಬಂಡವಾಳವನ್ನೂ ತಂಡ ಹೂಡಿತು. ಆ ವರ್ಷದ ಆಟಗಾರರ ಆಯ್ಕೆಯಲ್ಲಿ ಸಾಲಿನ ಮಧ್ಯಕ್ಕೆ ಬಿ.ಜೆ. ರಾಜಿ ಅವರನ್ನು ಪಡೆಯಿತು. ಒಂದು ಎರಡನೇ ಸುತ್ತಿನ ಹಾಗೂ ಎರಡು ಮೂರನೇ ಸುತ್ತಿನ ಆಯ್ಕೆಯ ಹಕ್ಕುಗಳನ್ನು ತೆತ್ತು, ತುದಿಯ ಲೈನ್‌ಬ್ಯಾಕರ್ ಸ್ಥಾನಕ್ಕೆ ಕ್ಲೇ ಮ್ಯಾಥ್ಯೂಸ್ ಅವರನ್ನು ತಂದಿತು. ತರಬೇತಿಗೆ ಕೆವಿನ್ ಗ್ರೀನ್ ಬಂದರು. ಅವರು ಕೇಪರ್ಸ್ ಕೈಕೆಳಗೇ ಇದೇ ಸ್ಥಾನದಲ್ಲಿ ಆಡಿ, ಒಟ್ಟು 160 ಸ್ಯಾಕ್‌ಗಳೊಂದಿಗೆ ನಿವೃತ್ತರಾದವರು. ಯಂತ್ರ, ಕಚ್ಚಾಮಾಲು, ತರಬೇತಿ ಯಾವುದಕ್ಕೂ ಕೊರತೆಯಿರಲಿಲ್ಲ.

ಹಳೆಯ ಕುಶಲಿಯ ಸ್ಥಿತಿ

ಈ ಬದಲಾವಣೆಯ ಭಾರ ಹೆಚ್ಚಾಗಿ ಬಿದ್ದದ್ದು ಆರನ್ ಕ್ಯಾಂಪ್‌ಮನ್ ಅವರ ಮೇಲೆ. 2002ರಲ್ಲಿ ಐದನೇ ಸುತ್ತಿನಲ್ಲಿ ಆಯ್ಕೆಯಾಗಿದ್ದ ಈ ಡಿಫೆನ್ಸಿವ್ ಎಂಡ್, ದೊಡ್ಡ ನಿರೀಕ್ಷೆಗಳಿಲ್ಲದೆ ಬಂದು ದುಡಿಮೆಯಿಂದಲೇ ಮೇಲೇರಿದವರು. 2006ರಲ್ಲಿ 15.5, 2007ರಲ್ಲಿ 12, ಕಳಪೆ ವರ್ಷವಾದ 2008ರಲ್ಲೂ 9.5 ಸ್ಯಾಕ್‌ಗಳು ಅವರ ಹೆಸರಿನಲ್ಲಿದ್ದವು. 2006 ಮತ್ತು 2007ರಲ್ಲಿ ದೇಶದ ಶ್ರೇಷ್ಠ ಆಟಗಾರರ ‘ಪ್ರೊ ಬೌಲ್’ ಪಂದ್ಯಕ್ಕೆ ಆಯ್ಕೆಯಾಗಿದ್ದರು. ಸುಮಾರು 120 ಕಿಲೋ ತೂಕದ ಅವರು ಏಳು ವರ್ಷ ಕಲಿತದ್ದು ಒಂದೇ ವಿದ್ಯೆ: ಕೈ ನೆಲಕ್ಕೂರಿ, ಎದುರಿನವನನ್ನು ತಳ್ಳಿಕೊಂಡು ಮುನ್ನುಗ್ಗುವುದು. ಮೂವತ್ತರ ಹೊಸ್ತಿಲಲ್ಲಿ, ಕರಾರಿನ ಕೊನೆಯ ವರ್ಷದಲ್ಲಿ, ಅವರು ನಿಂತು ನೋಡುವುದನ್ನೂ ಹಿಂದಕ್ಕೆ ಓಡುವುದನ್ನೂ ಕಲಿಯಬೇಕಾಯಿತು.

2009ರಲ್ಲಿ ಅವರು ಆಡಿದ್ದು 9 ಪಂದ್ಯ, ಗಳಿಸಿದ್ದು 3.5 ಸ್ಯಾಕ್. ಹಿಂದಿನ ವರ್ಷದ ದರದಲ್ಲಿ 9 ಪಂದ್ಯಗಳಿಗೆ ಸುಮಾರು 5.3 ಬರಬೇಕಿತ್ತು, 2006ರ ದರದಲ್ಲಿ 8.7. ನವೆಂಬರ್ 22ರಂದು ಸ್ಯಾನ್ ಫ್ರಾನ್ಸಿಸ್ಕೋ ವಿರುದ್ಧದ ಪಂದ್ಯದಲ್ಲಿ ಮೊಣಕಾಲಿನ ಅಸ್ಥಿಬಂಧ ಹರಿದು ಆ ವರ್ಷದ ಆಟ ಮುಗಿಯಿತು. ಪ್ಯಾಕರ್ಸ್ ಅವರನ್ನು ಉಳಿಸಿಕೊಳ್ಳಲಿಲ್ಲ. 2010ರ ಮಾರ್ಚ್‌ನಲ್ಲಿ ಜಾಕ್ಸನ್‌ವಿಲ್ ತಂಡ ಅವರನ್ನು ಹಳೆಯ ಡಿಫೆನ್ಸಿವ್ ಎಂಡ್ ಸ್ಥಾನಕ್ಕೇ ತೆಗೆದುಕೊಂಡಿತು. ಶಸ್ತ್ರಚಿಕಿತ್ಸೆಯಾದ ಕಾಲಿನಲ್ಲೇ ಅವರು 8 ಪಂದ್ಯಗಳಲ್ಲಿ 4 ಸ್ಯಾಕ್ ಗಳಿಸಿದರು. ಆದರೆ ಅಷ್ಟರಲ್ಲಿ ಇನ್ನೊಂದು ಮೊಣಕಾಲೂ ಕೈಕೊಟ್ಟಿತು.

ಲೆಕ್ಕದ ಎರಡು ಬದಿಗಳು

ಸಂಸ್ಥೆಯ ದೃಷ್ಟಿಯಿಂದ ನಿರ್ಧಾರ ತಪ್ಪಾಗಿತ್ತೇ? ಅಂಕಿಗಳು ಹಾಗೆನ್ನುವುದಿಲ್ಲ. 2008ರಲ್ಲಿ ಬಿಟ್ಟುಕೊಟ್ಟ 380 ಅಂಕಗಳು 2009ರಲ್ಲಿ 297ಕ್ಕೆ, 2010ರಲ್ಲಿ 240ಕ್ಕೆ ಇಳಿದವು. ಗೆಲುವುಗಳು 6ರಿಂದ 11ಕ್ಕೇರಿದವು. ಮ್ಯಾಥ್ಯೂಸ್ ಮೊದಲ ವರ್ಷವೇ 10 ಸ್ಯಾಕ್ ಗಳಿಸಿದರು. ಕ್ಯಾಂಪ್‌ಮನ್ ಅವರ ಜಾಗಕ್ಕೆ ಬಂದ ಬ್ರ್ಯಾಡ್ ಜೋನ್ಸ್ ಏಳನೇ ಸುತ್ತಿನಲ್ಲಿ ಆಯ್ಕೆಯಾದ ಹೊಸಬ. ಅವರೂ ಆ ವರ್ಷ 4 ಸ್ಯಾಕ್ ಗಳಿಸಿದರು. 2010ರ ಜನವರಿಯಲ್ಲಿ ಅರಿಜೋನಾ ವಿರುದ್ಧ 51-45ರಿಂದ ಸೋತಾಗ ಹೊಸ ವ್ಯೂಹದ ಬಿರುಕುಗಳು ಕಾಣಿಸಿದವಾದರೂ, 2011ರ ಫೆಬ್ರವರಿ 6ರಂದು ಪಿಟ್ಸ್‌ಬರ್ಗ್ ತಂಡವನ್ನು 31-25ರಿಂದ ಸೋಲಿಸಿ ಪ್ಯಾಕರ್ಸ್ ‘ಸೂಪರ್ ಬೌಲ್’ ಗೆದ್ದಿತು. ಕೇಪರ್ಸ್ 2017ರ ಋತುವಿನವರೆಗೂ ಅಲ್ಲಿ ಮುಂದುವರಿದರು.

ಹೀಗೆ ವ್ಯವಸ್ಥೆ ಲಾಭದಲ್ಲಿತ್ತು. ಅದೇ ವ್ಯವಸ್ಥೆಯೊಳಗೆ ಅತ್ಯಂತ ನುರಿತ ವ್ಯಕ್ತಿ ನಷ್ಟದಲ್ಲಿದ್ದರು. ಇವೆರಡೂ ಏಕಕಾಲಕ್ಕೆ ನಿಜ. ಒಟ್ಟು ಲಾಭ ಬಂದಿತೆಂದು ಆ ನಷ್ಟವನ್ನು ಮರೆಯುವುದು ಎಷ್ಟು ತಪ್ಪೋ, ಒಬ್ಬನಿಗೆ ನಷ್ಟವಾಗುವುದೆಂದು ಬದಲಾವಣೆಯನ್ನೇ ಕೈಬಿಡುವುದೂ ಅಷ್ಟೇ ತಪ್ಪು.

ಅದೇ ಹುದ್ದೆ, ಬೇರೆ ಫಲ

ಎರಡು ವರ್ಷಗಳ ನಂತರ ಹ್ಯೂಸ್ಟನ್ ತಂಡದಲ್ಲಿ ಇದೇ ಬದಲಾವಣೆ ನಡೆಯಿತು. 2006ರ ಆಯ್ಕೆಯಲ್ಲಿ ಮೊದಲಿಗರಾಗಿದ್ದ ಡಿಫೆನ್ಸಿವ್ ಎಂಡ್ ಮಾರಿಯೋ ವಿಲಿಯಮ್ಸ್ ಅವರನ್ನು 2011ರಲ್ಲಿ ವೇಡ್ ಫಿಲಿಪ್ಸ್ ಅವರ 3-4 ವ್ಯೂಹದಲ್ಲಿ ಔಟ್‌ಸೈಡ್ ಲೈನ್‌ಬ್ಯಾಕರ್ ಆಗಿ ನಿಲ್ಲಿಸಲಾಯಿತು. ಅಕ್ಟೋಬರ್‌ನಲ್ಲಿ ಎದೆಯ ಸ್ನಾಯು ಹರಿಯುವ ಮುನ್ನ ಅವರು 5 ಪಂದ್ಯಗಳಲ್ಲಿ 5 ಸ್ಯಾಕ್ ಗಳಿಸಿದ್ದರು. ಫಿಲಿಪ್ಸ್ ತಮ್ಮ ತುದಿಯ ಲೈನ್‌ಬ್ಯಾಕರ್‌ಗೆ ಬಹುಪಾಲು ನುಗ್ಗುವ ಕೆಲಸವನ್ನೇ ಕೊಡುತ್ತಿದ್ದರು. ಹುದ್ದೆಯ ಹೆಸರು ಬದಲಾಗಿತ್ತು, ಕೆಲಸ ಹೆಚ್ಚೇನೂ ಬದಲಾಗಿರಲಿಲ್ಲ. ಮುಂದೆ ಬಫೆಲೋ ತಂಡದಲ್ಲಿ 2014ರಲ್ಲಿ 14.5 ಸ್ಯಾಕ್ ಗಳಿಸಿದ ಅದೇ ವಿಲಿಯಮ್ಸ್, 2015ರಲ್ಲಿ ರೆಕ್ಸ್ ರಯಾನ್ ಅವರ ಹೊಸ ಪದ್ಧತಿಯಲ್ಲಿ ಹಿಂದಕ್ಕೆ ಸರಿದು ಕಾಯುವ ಕೆಲಸವೂ ಹೆಗಲೇರಿದಾಗ 5ಕ್ಕೆ ಇಳಿದರು. ಹುದ್ದೆಯ ಹೆಸರು ಏನೇ ಇರಲಿ, ದಿನದ ಕೆಲಸದಲ್ಲಿ ಎಷ್ಟು ಪಾಲು ಬದಲಾಯಿತೆಂಬುದೇ ಫಲವನ್ನು ನಿರ್ಧರಿಸಿದಂತೆ ಕಾಣುತ್ತದೆ.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

1. ಕೆಲಸಗಾರನ ಹಿಂದಿನ ಸಾಧನೆ ಅವನೊಬ್ಬನ ಆಸ್ತಿಯಲ್ಲ. ಅದು ಅವನ ಕೌಶಲ ಮತ್ತು ಅವನು ನಿಂತಿದ್ದ ಜಾಗ ಎರಡರ ಜಂಟಿ ಉತ್ಪನ್ನ. ಜಾಗ ಬದಲಾದರೆ ಹಳೆಯ ಅಂಕಿಗಳನ್ನು ಹಾಗೆಯೇ ಮುಂದಿನ ವರ್ಷಕ್ಕೆ ಎತ್ತಿ ಬರೆಯುವಂತಿಲ್ಲ.

2. ಬದಲಾವಣೆಗೆ ಮುನ್ನ ಹೊಸ ಹುದ್ದೆಯ ಕೆಲಸಗಳನ್ನು ಒಂದೊಂದಾಗಿ ಪಟ್ಟಿ ಮಾಡಿ, ಅವುಗಳಲ್ಲಿ ಎಷ್ಟನ್ನು ಆ ವ್ಯಕ್ತಿ ಈಗಾಗಲೇ ಬಲ್ಲನೆಂದು ಗುರುತಿಸಬೇಕು. ಕೈಯಳತೆಯಿಂದ ಲೇತ್ ನಡೆಸುತ್ತಿದ್ದವನನ್ನು ಗಣಕೀಕೃತ ಯಂತ್ರಕ್ಕೆ ಒಯ್ಯುವಾಗಲೂ ಇದೇ ಪರೀಕ್ಷೆ.

3. ಕೆಲಸ ಬದಲಾದರೆ ಅಳತೆಗೋಲೂ ಬದಲಾಗಬೇಕು. ಹಿಂದೆ ಸರಿದು ಕಾಯಲು ನೇಮಿಸಿದವನನ್ನು ಸ್ಯಾಕ್ ಎಣಿಸಿ ತೂಗುವುದು ನ್ಯಾಯವಲ್ಲ.

4. ಹೊಂದಿಕೆಯಾಗದ ಕುಶಲಿಗೆ ಬೇರೆಡೆ ಬೆಲೆಯಿರುತ್ತದೆ. ಆ ಬೆಲೆ ಇರುವಾಗಲೇ, ಗೌರವಯುತವಾಗಿ ಅವನೊಡನೆ ಮಾತನಾಡುವುದು ಇಬ್ಬರಿಗೂ ಲಾಭ. ಒಂದು ವರ್ಷ ತಡವಾದರೆ ಅವನ ಆಯುಷ್ಯದ ದುಡಿಮೆಯ ವರ್ಷವೊಂದು ಕಳೆದಂತೆ.

ಕ್ಯಾಂಪ್‌ಮನ್ ಗ್ರೀನ್ ಬೇ ತಂಡಕ್ಕೆ ಒಟ್ಟು 54 ಸ್ಯಾಕ್‌ಗಳನ್ನು ದುಡಿದುಕೊಟ್ಟರು. ಅವರು ಹೊರಟ ಮರುವರ್ಷವೇ ತಂಡ ಪ್ರಶಸ್ತಿ ಗೆದ್ದಿತು. ಬದಲಾವಣೆಯ ಲಾಭ ತಂಡದ ಲೆಕ್ಕಕ್ಕೆ ಜಮೆಯಾಯಿತು, ಅದರ ಖರ್ಚನ್ನು ಒಬ್ಬ ವ್ಯಕ್ತಿ ಭರಿಸಬೇಕಾಯಿತು. ಯಂತ್ರದ ಸವಕಳಿಗೆ ಪ್ರತಿವರ್ಷ ತಪ್ಪದೆ ಹಣ ತೆಗೆದಿಡುವ ಉದ್ಯಮಿ, ಬದಲಾವಣೆಯ ದಿನ ಹಳೆಯ ಕೆಲಸಗಾರನಿಗಾಗಿಯೂ ಒಂದಷ್ಟು ಸಮಯವನ್ನೂ ಹಣವನ್ನೂ ಮೊದಲೇ ತೆಗೆದಿಟ್ಟರೆ ಆ ಖರ್ಚು ಅನಿರೀಕ್ಷಿತವಾಗಲಾರದು.